ನಾಯಿ ಕಾಲೆತ್ತುವುದೇಕೆ?



ನಮ್ಮ ಕಲ್ಯಾಣದುರ್ಗದ ಕಡೆಯಾಗಲಿ, ಗಡಿ ದಾಟಿ ಪಾವಗಡ, ಚಳ್ಳಕೆರೆಯ ಕಡೆಯಾಗಲಿ ಬೀದಿಯಲ್ಲಿ ನಡೆದುಹೋದರೆ ಕೆಲವು ಮನೆಗಳ ಗೇಟಿನ ಪಕ್ಕ ಕೆಂಪು ಇಲ್ಲವೇ ನೀಲಿ ನೀರು ತುಂಬಿದ ಬಾಟಲಿ ಕಣ್ಣಿಗೆ ಬೀಳುತ್ತದೆ. ಕುಂಕುಮವನ್ನೋ, ಬಟ್ಟೆಗೆ ಹಾಕುವ ನೀಲಿಯನ್ನೋ ಕಲಸಿದ ನೀರು ಅದು. ಅದನ್ನು ಕಂಡರೆ ನಾಯಿ ಬಂದು ಗೇಟಿಗೆ ಕಾಲೆತ್ತುವುದಿಲ್ಲ ಎಂಬುದು ನಂಬಿಕೆ. ಆ ಬಾಟಲಿಯ ಮೇಲೆಯೇ ಕಾಲೆತ್ತಿ ಹೋಗುವ ನಾಯಿಗಳೂ ಇವೆ ಎನ್ನುವುದು ಬೇರೆ ಮಾತು!

ಇದನ್ನೆಲ್ಲ ನೋಡುವ ಮಕ್ಕಳು ಒಂದು ಪ್ರಶ್ನೆ ಕೇಳುತ್ತಾರೆ: "ಆ ನಾಯಿ ಕಾಲೆತ್ತುತ್ತೆ, ಈ ನಾಯಿ ಕೂತ್ಕೊಳ್ಳುತ್ತೆ, ಯಾಕೆ?" ದೊಡ್ಡವರಾದ ನಾವು "ಥೂ, ಅದೆಲ್ಲಾ ಕೇಳಬಾರದು" ಎಂದು ಬಾಯಿ ಮುಚ್ಚಿಸುತ್ತೇವೆ. ದೇವರ ಸೃಷ್ಟಿಯ ಬಗ್ಗೆ ಮಗು ಕೇಳಿದ ಪ್ರಶ್ನೆಯಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಈ ಸಲ ಅದಕ್ಕೇ ಉತ್ತರ ಹುಡುಕೋಣ.

ಮರಿಗಳೆಲ್ಲ ಒಂದೇ ರೀತಿ

ಹುಟ್ಟಿದ ಹೊಸದರಲ್ಲಿ ನಾಯಿಮರಿಗೆ ತಾನಾಗಿ ಮೂತ್ರ ಮಾಡಲೂ ಬಾರದು. ತಾಯಿ ನಾಲಿಗೆಯಿಂದ ನೆಕ್ಕಿ ಮಾಡಿಸಬೇಕು. ಕೆಲವು ವಾರ ಕಳೆದ ಮೇಲೆ ಗಂಡಾಗಲಿ ಹೆಣ್ಣಾಗಲಿ ಮರಿಗಳೆಲ್ಲ ಬಗ್ಗಿ ಕುಳಿತೇ ಮಾಡುತ್ತವೆ. ಗಂಡು ಮರಿ ಕಾಲೆತ್ತಲು ಶುರು ಮಾಡುವುದು ಪ್ರಾಯಕ್ಕೆ ಬರುವಾಗ, ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದೊಳಗೆ. ಕೆಲವಕ್ಕೆ ಇನ್ನೂ ತಡವಾಗುತ್ತದೆ.

ಇದನ್ನು ಯಾರೂ ಕಲಿಸಬೇಕಾಗಿಲ್ಲ. ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನು ಮರಿ ಹುಟ್ಟುವ ಹೊತ್ತಿಗಾಗಲೇ ಅದರ ಮಿದುಳನ್ನು ಈ ರೀತಿಗೆ ಅಣಿಗೊಳಿಸಿರುತ್ತದೆ. ಆದ್ದರಿಂದಲೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದ ಗಂಡು ನಾಯಿಗಳೂ ಕಾಲೆತ್ತುವುದುಂಟು. ಅಲ್ಲಲ್ಲಿ ಗುರುತು ಹಾಕುವ ಚಟ ಮಾತ್ರ ಅನೇಕ ನಾಯಿಗಳಲ್ಲಿ ಕಡಿಮೆಯಾಗುತ್ತದೆ. ಕೆಲವು ಗಂಡು ನಾಯಿಗಳು ಜೀವಮಾನವಿಡೀ ಕೂತೇ ಮಾಡುತ್ತವೆ. ಅದು ರೋಗವೂ ಅಲ್ಲ, ಅಂಜುಬುರುಕುತನವೂ ಅಲ್ಲ.

ಅದೊಂದು ಕಾಗದ

ಹೊಟ್ಟೆ ಹಗುರ ಮಾಡಿಕೊಳ್ಳುವುದಷ್ಟೇ ಕೆಲಸವಾಗಿದ್ದರೆ ಕಂಬವೇ ಏಕೆ ಬೇಕು? ಕುರಿಗಾಹಿಗಳ ನಾಯಿಯನ್ನು ಗಮನಿಸಿ. ಮಂದೆ ಹೊಸ ಹೊಲದಲ್ಲಿ ತಂಗಿದರೆ ಅದು ಸುತ್ತ ಮೂಸುತ್ತಾ ಹೋಗಿ, ಕಲ್ಲಿಗಿಷ್ಟು ಗಿಡಕ್ಕಿಷ್ಟು ನಾಲ್ಕು ನಾಲ್ಕೇ ಹನಿ ಬಿಡುತ್ತದೆ. ಹನಿ ಮುಗಿದ ಮೇಲೂ ಒಣಗಾಲು ಎತ್ತುವುದುಂಟು! ಅದು ನಾಯಿ ಬರೆಯುವ ಕಾಗದ. ನಾನು ಗಂಡೋ ಹೆಣ್ಣೋ, ಬೆದೆಗೆ ಬಂದಿದ್ದೇನೋ ಇಲ್ಲವೋ, ಯಾವಾಗ ಇಲ್ಲಿ ಹಾದುಹೋದೆ ಎಂಬ ಸುದ್ದಿ ಆ ವಾಸನೆಯಲ್ಲಿರುತ್ತದೆ. ಕಾಲೆತ್ತಿದರೆ ಕಾಗದವು ಇನ್ನೊಂದು ನಾಯಿಯ ಮೂಗಿನ ಮಟ್ಟಕ್ಕೇ ಅಂಟುತ್ತದೆ. ನೆಲದಲ್ಲಾದರೆ ಮಣ್ಣು ಕುಡಿದುಬಿಡುತ್ತದೆ, ಓಡಾಡುವವರು ತುಳಿದುಹೋಗುತ್ತಾರೆ.

ಹೆಣ್ಣು ನಾಯಿ ಸಾಮಾನ್ಯವಾಗಿ ಕೂತೇ ಮಾಡಿದರೂ ಅದಕ್ಕೂ ಸುದ್ದಿ ಹೇಳುವುದಿರುತ್ತದೆ. ಬೆದೆಯ ದಿನಗಳಲ್ಲಿ ಪದೇ ಪದೇ ಮಾಡುತ್ತದೆ. ಕೆಲವು ಹೆಣ್ಣು ನಾಯಿಗಳು ಅರ್ಧ ಕೂತು ಒಂದು ಹಿಂಗಾಲನ್ನು ಸ್ವಲ್ಪ ಎತ್ತುವುದೂ ಉಂಟು.

ಬೀದಿನಾಯಿಗಳ ಈ ಅಭ್ಯಾಸವನ್ನು ನಮ್ಮ ದೇಶದಲ್ಲೇ ಕೂತು ನೋಡಿ ಬರೆದವರಿದ್ದಾರೆ. ಪಶ್ಚಿಮ ಬಂಗಾಳದ ಕಾಟ್ವಾ ಪಟ್ಟಣದಲ್ಲಿ ಎಸ್.ಕೆ. ಪಾಲ್ ಅವರು ಮಾಡಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಹೆಣ್ಣಿಗಿಂತ ಗಂಡು ನಾಯಿಗಳೇ ಹೆಚ್ಚು ಗುರುತು ಹಾಕುತ್ತವೆ ಎಂಬುದು ಅಲ್ಲಿ ಕಂಡುಬಂತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2018ರಲ್ಲಿ ಇನ್ನೊಂದು ಸ್ವಾರಸ್ಯ ಹೇಳಿದರು: ಗಿಡ್ಡ ನಾಯಿಗಳು ದೊಡ್ಡ ನಾಯಿಗಳಿಗಿಂತ ಕಾಲನ್ನು ಹೆಚ್ಚು ಮೇಲಕ್ಕೆತ್ತುತ್ತವಂತೆ. ತಾನು ದೊಡ್ಡ ನಾಯಿ ಎಂದು ತೋರಿಸಿಕೊಳ್ಳುವ ಹಂಬಲವಿರಬಹುದು ಎಂಬುದು ಅವರ ಊಹೆ. ಅಂಥವರು ನಮ್ಮ ನಡುವೆಯೂ ಇಲ್ಲವೇ!

ಬಾಟಲಿ ಏಕೆ ಸೋಲುತ್ತದೆ?

ನಾಯಿಗೆ ಬಣ್ಣವೇ ಕಾಣದು ಎನ್ನುವುದು ತಪ್ಪು. ನೀಲಿ ಮತ್ತು ಹಳದಿ ಅದಕ್ಕೆ ಚೆನ್ನಾಗಿ ಕಾಣುತ್ತವೆ, ಕೆಂಪು ಹಸಿರುಗಳ ವ್ಯತ್ಯಾಸ ತಿಳಿಯದು ಎಂದು 1989ರ ಪ್ರಯೋಗಗಳು ತೋರಿಸಿವೆ. ನಮ್ಮ ಕುಂಕುಮದ ನೀರು ಅದಕ್ಕೆ ಕೆಂಪಾಗಿಯೇ ಕಾಣುವುದಿಲ್ಲ. ಬಾಟಲಿ ನೀಲಿಯದಾದರೂ ಗೇಟಿನಲ್ಲಿರುವ ಹಳೆಯ ಕಾಗದವನ್ನು ನಾಯಿ ಓದುವುದು ಕಣ್ಣಿನಿಂದಲ್ಲ, ಮೂಗಿನಿಂದ. ಹಳೆಯ ವಾಸನೆ ಇರುವವರೆಗೂ ಉತ್ತರ ಬರೆಯುವವರು ಬರುತ್ತಲೇ ಇರುತ್ತಾರೆ.

ಆದ್ದರಿಂದ ಆ ಜಾಗವನ್ನು ಸೋಪಿನ ನೀರಿನಿಂದ ಉಜ್ಜಿ ತೊಳೆದು, ಮೇಲೆ ನೀರು ಬೆರೆಸಿದ ವಿನೆಗರ್ ಸುರಿಯಿರಿ. ಅಮೋನಿಯಾ ಇರುವ ದ್ರಾವಣ ಬೇಡ, ಅದರ ವಾಸನೆ ಮೂತ್ರದ್ದನ್ನೇ ಹೋಲುತ್ತದೆ. ಕೈಗೆ ಸಿಕ್ಕ ಕಲ್ಲು, ಒಲೆಯ ಮೇಲಿನ ಬಿಸಿನೀರು ಖಂಡಿತ ಬೇಡ. ಪೆಟ್ಟು ತಿಂದ ನಾಯಿ ತನ್ನ ಭಾಷೆಯನ್ನು ಮರೆಯುವುದಿಲ್ಲ, ಮನುಷ್ಯರ ಮೇಲಿನ ನಂಬಿಕೆಯನ್ನು ಮರೆಯುತ್ತದೆ. ಹೆದರಿದ ನಾಯಿ ಮುಂದೆ ಕಚ್ಚುವುದು ಬೀದಿಯಲ್ಲಿ ಆಡುವ ನಮ್ಮ ಮಕ್ಕಳನ್ನೇ.

ಸಾಕಿದವರು ಗಮನಿಸಬೇಕಾದದ್ದು

ಕಾಲೆತ್ತುತ್ತಿದ್ದ ವಯಸ್ಸಾದ ನಾಯಿ ಇದ್ದಕ್ಕಿದ್ದಂತೆ ಕೂರಲು ಶುರು ಮಾಡಿದರೆ ಹಿಂಗಾಲಿನಲ್ಲೋ ಸೊಂಟದಲ್ಲೋ ನೋವಿರಬಹುದು. ಮನೆಯೊಳಗೆ ಎಂದೂ ಗಲೀಜು ಮಾಡದ ನಾಯಿ ಮಂಚದ ಕಾಲನ್ನು ಒದ್ದೆ ಮಾಡಿದರೆ ಅದು ಕೊಬ್ಬು ಎಂದುಕೊಳ್ಳಬೇಡಿ. ಮೂತ್ರದ ಸೋಂಕಿರಬಹುದು, ಇಲ್ಲವೇ ಮನೆಗೆ ಬಂದ ಹೊಸಬರನ್ನು ಕಂಡು ಕಳವಳಗೊಂಡಿರಬಹುದು. ಗಂಡು ನಾಯಿ ಕಾಲೆತ್ತಿ ನಿಂತು ತಿಣುಕಿದರೂ ಹನಿ ಬರದಿದ್ದರೆ ಕಲ್ಲು ಅಡ್ಡ ಸಿಕ್ಕಿರಬಹುದು. ನಾಳೆ ನೋಡೋಣ ಎನ್ನದೆ ಅಂದೇ ಪಶುವೈದ್ಯರ ಬಳಿಗೆ ಒಯ್ಯಿರಿ, ತಡಮಾಡಿದರೆ ಪ್ರಾಣಕ್ಕೇ ಅಪಾಯ.

ತಾಯಂದಿರು ಇನ್ನೊಂದು ಮಾತು ನೆನಪಿಡಬೇಕು. ರೇಬೀಸ್ ನಾಯಿಯ ಮೂತ್ರದಿಂದ ಹರಡುವುದಿಲ್ಲ. ಆದರೆ ಇಲಿಜ್ವರದ ರೋಗಾಣು ನಾಯಿಯ ಮೂತ್ರದಲ್ಲೂ ಇರಬಲ್ಲದು. ಮಳೆಯ ಗುಂಡಿಯಲ್ಲಿ ಬರಿಗಾಲಿನಲ್ಲಿ ಆಡಿಬಂದ ಮಕ್ಕಳ ಕೈಕಾಲು ತೊಳೆಸಿ, ನಾಯಿಗೆ ಲಸಿಕೆ ಹಾಕಿಸಿ. ನಾಯಿ ಕಚ್ಚಿದರೆ ಮಾತ್ರ ಗಾಯವನ್ನು 15 ನಿಮಿಷ ಸೋಪು ನೀರಿನಿಂದ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಲೇಬೇಕು.

ತೋಬಿಯಾಸನ ನಾಯಿ

ನಾಯಿಯನ್ನು ಬೈಯುವ ಮುನ್ನ ನಮ್ಮನ್ನೂ ಸ್ವಲ್ಪ ನೋಡಿಕೊಳ್ಳೋಣ. ನಮ್ಮ ಊರುಗಳ ಕಾಂಪೌಂಡ್ ಗೋಡೆಗಳ ಮೇಲೆ ಗಣೇಶ, ಶಿಲುಬೆ, ಮೆಕ್ಕಾ ಮೂರನ್ನೂ ಸಾಲಾಗಿ ಟೈಲ್ಸ್‌ನಲ್ಲಿ ಅಂಟಿಸಿರುತ್ತಾರಲ್ಲ, ಅದು ನಾಯಿಗಳಿಗಾಗಿ ಅಲ್ಲ! ನಾಯಿಗೆ ಗೋಡೆ ಕಾಗದ, ಗಂಡಸರಿಗೆ ಅದು ಬರೀ ಅಸಡ್ಡೆ. ಅದೇ ಬೀದಿಯಲ್ಲಿ ನಮ್ಮ ಹೆಣ್ಣುಮಕ್ಕಳು ಶೌಚಾಲಯ ಸಿಗದೆ ದಿನವಿಡೀ ತಡೆದುಕೊಳ್ಳುತ್ತಾರೆ ಎಂಬುದೂ ನೆನಪಿರಲಿ.

ಪವಿತ್ರ ಬೈಬಲಿನ ತೋಬಿತನ ಗ್ರಂಥದಲ್ಲಿ ಯುವಕ ತೋಬಿಯಾಸ ದೂರ ಪ್ರಯಾಣ ಹೊರಟಾಗ ರಫಾಯೆಲ್ ದೂತರ ಜೊತೆಗೆ ಮನೆಯ ನಾಯಿಯೂ ಹೊರಡುತ್ತದೆ. ಹಿಂದಿರುಗುವಾಗಲೂ ಅದು ಹಿಂದೆಯೇ ಬರುತ್ತದೆ. ದಾರಿಯುದ್ದಕ್ಕೂ ಎಷ್ಟು ಕಲ್ಲುಗಳಿಗೆ ಕಾಲೆತ್ತಿತೋ, ದೇವದೂತರು ಅದನ್ನು ಗದರಿಸಿದ ಸುದ್ದಿ ಎಲ್ಲೂ ಇಲ್ಲ. ಪ್ರಾಣಿಗಳನ್ನು ಸುಮ್ಮಸುಮ್ಮನೆ ನೋಯಿಸುವುದು ಮನುಷ್ಯನ ಘನತೆಗೇ ವಿರುದ್ಧ ಎಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಬೋಧಿಸುತ್ತದೆ. ಬಡವರಿಗೆ ಸಲ್ಲಬೇಕಾದ ಹಣವನ್ನು ಪ್ರಾಣಿಗಳ ಮೇಲೆ ಸುರಿಯಬಾರದು ಎಂದೂ ಅದೇ ಎಚ್ಚರಿಸುತ್ತದೆ. ಎರಡನ್ನೂ ಒಟ್ಟಿಗೆ ಪಾಲಿಸುವುದು ಕಷ್ಟವೇನಲ್ಲ. ಕಲ್ಲೆಸೆಯದೆ ಇರುವುದಕ್ಕೆ ಕಾಸು ಬೇಕಾಗಿಲ್ಲ.

ಬಾಟಲಿಯ ಬಣ್ಣದ ನೀರನ್ನು ಚೆಲ್ಲಿ, ಬೇಸಿಗೆಯಲ್ಲಿ ಗೇಟಿನ ಹೊರಗೆ ಒಂದು ಬಟ್ಟಲು ಕುಡಿಯುವ ನೀರಿಡೋಣ. ಇನ್ನೊಮ್ಮೆ ಮಗು ಆ ಪ್ರಶ್ನೆ ಕೇಳಿದರೆ ಪಕ್ಕದಲ್ಲಿ ಕೂರಿಸಿಕೊಂಡು ಉತ್ತರ ಹೇಳೋಣ.