ಹವ್ಯಾಸಿಯ ಏರಿಯಲ್: ಬದಲಾಯಿಸಬೇಕೆ?

ಹವ್ಯಾಸಿ ರೇಡಿಯೋ ಪರವಾನಗಿ ಪಡೆದು, ತಾರಸಿಯ ಮೇಲೆ ಡೈಪೋಲ್ ತಂತಿಯೊಂದನ್ನು ಕಟ್ಟಿ, ಒಂದು ವರ್ಷ ಮಾತನಾಡಿದ ತರುಣರಿಗೆ ದೊಡ್ಡ ಏರಿಯಲ್ಲಿನ ಆಸೆ ಹುಟ್ಟುವುದು ಸಹಜ. ಕಾಲೇಜಿನ ರೇಡಿಯೋ ಸಂಘಗಳಿಗೂ ಈ ಆಸೆ ತಪ್ಪಿದ್ದಲ್ಲ. ಇರುವ ಅಲ್ಪ ಹಣವನ್ನು ಉಕ್ಕಿನ ಗೋಪುರಕ್ಕೂ ಅದರ ತುದಿಯಲ್ಲಿ ತಿರುಗುವ ಯಾಗಿ ಏರಿಯಲ್ಲಿಗೂ ಸುರಿಯುವ ಮುನ್ನ ಸ್ವಲ್ಪ ಗಣಿತ ಮಾಡುವುದು ಲೇಸು. ಬಹುಮಂದಿ ವಿದ್ಯಾರ್ಥಿಗಳಿಗೆ ಆ ವೆಚ್ಚ ಸಲ್ಲದೆಂಬುದು ನನ್ನ ಅಭಿಪ್ರಾಯ.

ಜಪಾನಿನ ಸೆಂಡಾಯ್ ನಗರದಲ್ಲಿ ಷಿಂಟಾರೊ ಉಡಾ ಮತ್ತು ಹಿಡೆಟ್ಸುಗು ಯಾಗಿ ಎಂಬವರು ೧೯೨೬ರಲ್ಲಿ ಈ ಏರಿಯಲ್ಲನ್ನು ಲೋಕದ ಮುಂದಿಟ್ಟರು. (ಪಾಪ, ಉಡಾ ಅವರ ಹೆಸರು ಬಳಕೆಯಲ್ಲಿ ಬಹುಮಟ್ಟಿಗೆ ಬಿಟ್ಟುಹೋಯಿತು!) ಅದು ಹೊಸ ಶಕ್ತಿಯನ್ನು ಸೃಷ್ಟಿಸುವುದಿಲ್ಲ, ಚೆದುರಿಹೋಗುವ ಶಕ್ತಿಯನ್ನು ಒಂದು ದಿಕ್ಕಿಗೆ ಕೂಡಿಸುತ್ತದೆ, ಅಷ್ಟೆ. ಮೂರು ಕಡ್ಡಿಗಳ ಒಳ್ಳೆಯ ಯಾಗಿಯಿಂದ, ಅಷ್ಟೇ ಎತ್ತರದ ಡೈಪೋಲಿಗಿಂತ ಹೆಚ್ಚೆಂದರೆ ಸುಮಾರು ೬ ಡೆಸಿಬೆಲ್, ಅಂದರೆ ನಾಲ್ಕು ಪಟ್ಟು ಲಾಭ. ಕೇಳುವುದಕ್ಕೆ ದೊಡ್ಡದು, ಆದರೆ ಗ್ರಾಹಕಯಂತ್ರದ ಮಾಪಕದಲ್ಲಿ ಅದು ಒಂದೇ ಒಂದು ಗೆರೆ. ಮೊದಲೇ ಸ್ಪಷ್ಟವಾಗಿದ್ದ ಸಂಭಾಷಣೆಗೆ ಅದರಿಂದ ಪ್ರಯೋಜನವಿಲ್ಲ. ಗದ್ದಲದಲ್ಲಿ ಮುಳುಗುತ್ತಿರುವ ದೂರದ ದನಿಗೆ ಮಾತ್ರ ಅದು ಜೀವದಾನ.

ಇನ್ನು ಕೇಬಲ್ಲಿನ ವಿಚಾರ. ೩೦ ಮೀಟರ್ ಉದ್ದದ ತೆಳ್ಳನೆಯ ಆರ್‌ಜಿ-೫೮ ಕೇಬಲ್ ೧೪೫ ಮೆಗಾಹರ್ಟ್ಸಿನಲ್ಲಿ ಸುಮಾರು ೬ ಡೆಸಿಬೆಲ್ಲನ್ನು ನುಂಗಿಬಿಡುತ್ತದೆ. ಎಂದರೆ ಶಕ್ತಿಯ ಮುಕ್ಕಾಲು ಪಾಲು ದಾರಿಯಲ್ಲೇ ಶಾಖವಾಗಿ ಹೋಯಿತು. ಯಾಗಿ ಗಳಿಸಿಕೊಟ್ಟುದೆಲ್ಲ ಅಲ್ಲಿಗೆ ವಜಾ! ಮಲೆನಾಡಿನ ಮಳೆಗೆ ಜೋಡಣೆಯೊಳಗೆ ನೀರಿಳಿದರೆ ಕೇಳುವುದೇ ಬೇಡ. ೧೪ ಮೆಗಾಹರ್ಟ್ಸಿನಲ್ಲಿಯಾದರೋ ಈ ನಷ್ಟ ೨ ಡೆಸಿಬೆಲ್ಲಿಗಿಂತ ಕಡಮೆ. ಅಲ್ಲಿ ನೋಡಬೇಕಾದುದು ಎತ್ತರ. ೫ ಮೀಟರ್ ಎತ್ತರದ ತಂತಿ ಬಹುಪಾಲು ಶಕ್ತಿಯನ್ನು ನೆತ್ತಿಯ ಮೇಲಕ್ಕೆ ಎರಚುತ್ತದೆ. ಅದನ್ನೇ ತರಂಗಾಂತರದ ಅರ್ಧದಷ್ಟು, ಸುಮಾರು ೧೦ ಮೀಟರ್, ಮೇಲೇರಿಸಿದರೆ ಕಿರಣ ೩೦ ಡಿಗ್ರಿಗೆ ಬಾಗಿ ದೂರದೇಶಕ್ಕೆ ಹೊರಡುತ್ತದೆ. ಇದಕ್ಕೆ ಬಿದಿರುಗಳು ಸಾಕು. ವಿದ್ಯುತ್ ತಂತಿಗಳ ಸಮೀಪ ಮಾತ್ರ ಎಂದಿಗೂ ಕಂಬ ನೆಡಕೂಡದು. ೭ ಮೆಗಾಹರ್ಟ್ಸಿನಲ್ಲಿ ಹಗಲು ಹೊತ್ತು ಬೆಂಗಳೂರಿನಿಂದ ಮಂಗಳೂರಿಗೋ ಹುಬ್ಬಳ್ಳಿಗೋ ಮಾತನಾಡುವವರಿಗೆ ಈ ಶ್ರಮವೂ ಬೇಡ. ನೆತ್ತಿಗೇರಿ ಅಯಾನುಮಂಡಲದಿಂದ ಮರಳುವ ಅಲೆಯೇ ಅವರಿಗೆ ಬೇಕಾದುದು.

"ಹೊಸ ಏರಿಯಲ್ ಹಾಕಿದ ದಿನವೇ ಬ್ರೆಜಿಲ್ ಸಿಕ್ಕಿತು" ಎಂಬ ಉತ್ಸಾಹವನ್ನು ನಾನು ಸಾಕ್ಷ್ಯವೆಂದು ಒಪ್ಪಲಾರೆ. ಅಯಾನುಮಂಡಲವು ದಿನದಿಂದ ದಿನಕ್ಕೆ ತೋರುವ ಏರಿಳಿತ ೬ ಡೆಸಿಬೆಲ್ಲನ್ನು ಸುಲಭವಾಗಿ ಮೀರುತ್ತದೆ. ೨೦೨೪ರಂತಹ ಸೌರಕಲೆಗಳ ಸುಗ್ಗಿಯಲ್ಲಿ ಎಂತಹ ತಂತಿಗೂ ಕೀರ್ತಿ ಬರುತ್ತದೆ! ಹಳೆಯದನ್ನು ಕಿತ್ತುಹಾಕದೆ, ಎರಡನ್ನೂ ನಿಮಿಷ ನಿಮಿಷಕ್ಕೆ ಬದಲಿಸಿ, ಹಲವು ದಿನ ಹೋಲಿಸಿ ಬರೆದಿಡಬೇಕು. ೧೯೯೩ರ ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಜೋಸೆಫ್ ಟೇಲರ್ ಅವರು ೨೦೦೮ರಲ್ಲಿ ಹೊರತಂದ ವಿಸ್ಪರ್ ಪದ್ಧತಿ ಇಂತಹ ಪರೀಕ್ಷೆಗೆ ಬಹಳ ಅನುಕೂಲ. ಒಂದು ವಾಟಿಗೂ ಕಡಮೆ ಶಕ್ತಿಯ ಸಂಜ್ಞೆ ಎಲ್ಲೆಲ್ಲಿ, ಎಷ್ಟು ಬಲವಾಗಿ ಕೇಳಿಸಿತೆಂಬುದನ್ನು ಅದು ಅಂಕೆಗಳಲ್ಲಿಯೇ ತಿಳಿಸುತ್ತದೆ.

ಹವ್ಯಾಸಿ ಉಪಗ್ರಹಗಳನ್ನು ಆಲಿಸಬಯಸುವವರಿಗೆ ಯಾಗಿ ಬೇಕು ನಿಜ. ಆದರೆ ೧೪೫ ಮೆಗಾಹರ್ಟ್ಸಿನ ಯಾಗಿಯ ಕಡ್ಡಿ ಒಂದು ಮೀಟರಿನಷ್ಟೇ ಉದ್ದ. ಪಿವಿಸಿ ಕೊಳವೆಗೆ ಉಕ್ಕಿನ ಅಳತೆಪಟ್ಟಿಯ ತುಂಡುಗಳನ್ನು ಬಿಗಿದು ಅದನ್ನು ಒಂದು ಭಾನುವಾರದಲ್ಲಿ ಮಾಡಿ ಮುಗಿಸಬಹುದು. ಗೋಪುರವೇಕೆ, ಕೈಯಲ್ಲೇ ಹಿಡಿದು ಆಕಾಶಕ್ಕೆ ತಿರುಗಿಸಬಹುದು.