ಒತ್ತಕ್ಷರಕ್ಕೆ ಎಷ್ಟು ಪಿಕ್ಸೆಲ್?

ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ದಾರಿಯಲ್ಲಿ, ಮತ್ತೆ ಮೂಡುಬಿದಿರೆ ಪೇಟೆಯಲ್ಲಿ ಕಟ್ಟಿದ ಬ್ಯಾನರುಗಳನ್ನು ಬಸ್ಸಿನಿಂದ ಓದಿ ನೋಡಿ. ಕಂಬಳ, ಬಯಲಾಟ, ಬ್ರಹ್ಮಕಲಶೋತ್ಸವ ಅಂತ ದೊಡ್ಡ ಅಕ್ಷರ ಎಲ್ಲ ಸರಿ ಉಂಟು. ಕೆಳಗೆ ಸಣ್ಣದಾಗಿ ಭಾಗವತರು, ಚೆಂಡೆ, ಮದ್ದಳೆ, ಮುಮ್ಮೇಳದವರ ಹೆಸರು ಇರ್ತದಲ್ಲ, ಅಲ್ಲಿ ಬರೀ ಮಂಜು. ರಾತ್ರಿಯಿಡೀ ಕುಣಿಯುವವರ ಹೆಸರೇ ಮೊದಲು ಅಳಿಸಿಹೋಗುವುದು. ಇದು ಮುದ್ರಣ ಯಂತ್ರದ ತಪ್ಪು ಅಂತ ನಾವು ಒಪ್ಪುವುದಿಲ್ಲ. ತಪ್ಪು ಅದಕ್ಕೆ ಹೋಗುವ ಫೈಲಿನದ್ದು.

ಕೋರೆಲ್‌ಡ್ರಾದಲ್ಲೋ ಇಂಕ್‌ಸ್ಕೇಪ್‌ನಲ್ಲೋ ಇರುವಾಗ ಅಕ್ಷರ ಅಂದ್ರೆ ವಕ್ರರೇಖೆಗಳ ಸಮೀಕರಣ. ಎಷ್ಟು ಹಿಗ್ಗಿಸಿದರೂ ಅಂಚು ಕೆಡುವುದಿಲ್ಲ. ಅದನ್ನು ವಾಟ್ಸಾಪ್ ಸ್ಟೇಟಸ್‌ಗೆ ಅಂತ 1080 ಪಿಕ್ಸೆಲ್ ಅಗಲದ ಜೆಪೆಗ್ ಮಾಡ್ತಾರೆ. ಆಮೇಲೆ ಅದೇ ಫೈಲು 10 ಅಡಿ ಅಗಲದ ಫ್ಲೆಕ್ಸ್‌ಗೂ ಹೋಗ್ತದೆ. ಲೆಕ್ಕ ಹಾಕಿ: 10 ಅಡಿ ಅಂದ್ರೆ 120 ಇಂಚು, ಇಂಚಿಗೆ ಬರೀ 9 ಪಿಕ್ಸೆಲ್! ಇಂಚಿಗೆ 72 ಬೇಕಿದ್ದರೆ ಅಗಲ 8640 ಪಿಕ್ಸೆಲ್ ಇರಬೇಕಿತ್ತು. ಡಿಪಿಐ ಅಂತ ಇರುವಲ್ಲಿ 300 ಟೈಪ್ ಮಾಡಿದರೆ ಕಳೆದುಹೋದ ವಿವರ ಹುಟ್ಟಿ ಬರುವುದಿಲ್ಲ ಮಾರಾಯ್ರೆ.

ಇಂಗ್ಲಿಷ್ ಆ 9 ಪಿಕ್ಸೆಲ್‌ನಲ್ಲೂ ಹೇಗೋ ಬದುಕುತ್ತದೆ. ಕನ್ನಡಕ್ಕೆ ಆಗುವುದಿಲ್ಲ. ಒಂದಿಂಚು ಎತ್ತರದೊಳಗೆ ಅಕ್ಷರ, ಮೇಲೆ ಗುಣಿತ, ಕೆಳಗೆ ಒತ್ತು ಎಲ್ಲವೂ ಕೂರಬೇಕು. ‘ಬಂಟ್ವಾಳ’ದ ವ ಒತ್ತಿಗೆ, ‘ಬೆಳ್ತಂಗಡಿ’ಯ ತ ಒತ್ತಿಗೆ ಸಿಗುವುದು ಎರಡೋ ಮೂರೋ ಪಿಕ್ಸೆಲ್. (‘ಮೂಡುಬಿದಿರೆ’ ಒತ್ತಿಲ್ಲದೆ ಬಚಾವ್; ‘ಮೂಡಬಿದ್ರೆ’ ಅಂತ ಬರೆದರೆ ಅದೂ ಸಿಕ್ಕಿಬೀಳ್ತದೆ.) ದ ಹೋಗಿ ಧ ಆಗುವುದು ಒಂದು ಹೊಟ್ಟೆಸೀಳಿನಿಂದ, ಧ ಹೋಗಿ ಥ ಆಗುವುದು ನಡುವಿನ ಒಂದು ಚುಕ್ಕಿಯಿಂದ. ಮಂಜಾದರೆ ಮೂರೂ ಒಂದೇ. ಸಾಲದ್ದಕ್ಕೆ ಜೆಪೆಗ್ ಸಾಮಾನ್ಯವಾಗಿ ಬಣ್ಣದ ಮಾಹಿತಿಯನ್ನು ಬೆಳಕಿನ ಮಾಹಿತಿಗಿಂತ ಒರಟಾಗಿ ಉಳಿಸಿಕೊಳ್ಳುತ್ತದೆ. ನಮ್ಮ ಪ್ರೀತಿಯ ಹಳದಿ ಮೇಲೆ ಕೆಂಪು ಅಕ್ಷರದ ಅಂಚು ಕೊಳೆಕೊಳೆಯಾಗಿ ಕಾಣುವುದರಲ್ಲಿ ಇದರ ಪಾಲೂ ಉಂಟು.

ಜೆಪೆಗ್ ಕಳಿಸುವವರಿಗೂ ಕಾರಣ ಇಲ್ಲದಿಲ್ಲ. ಅಂಗಡಿಯ ಕಂಪ್ಯೂಟರಿನಲ್ಲಿ ಆ ಫಾಂಟ್ ಇರದಿದ್ದರೆ, ಹಳೇ ಸಾಫ್ಟ್‌ವೇರಿಗೆ ಯೂನಿಕೋಡ್ ಒತ್ತಕ್ಷರ ಜೋಡಿಸಲು ಬರದಿದ್ದರೆ ಕನ್ನಡ ಚೆಲ್ಲಾಪಿಲ್ಲಿ. ಚಿತ್ರ ಮಾಡಿಬಿಟ್ಟರೆ ಆ ಹೆದರಿಕೆ ಇಲ್ಲ, ನಿಜ. ಆದರೆ ಇದಕ್ಕೆ ಬೇರೆ ಮದ್ದು ಉಂಟು. ಮೂಲ ಫೈಲನ್ನು ಹಾಗೇ ಇಟ್ಟುಕೊಂಡು (ಆಮೇಲೆ ಕಾಗುಣಿತ ತಿದ್ದಲಿಕ್ಕೆ ಬೇಕು), ಅದರ ಪ್ರತಿಯಲ್ಲಿ ಅಕ್ಷರಗಳನ್ನೆಲ್ಲ ಕರ್ವ್ಸ್‌ಗೆ ಬದಲಿಸಿ ಪಿಡಿಎಫ್ ಕಳಿಸಿ. ಫಾಂಟಿನ ಹಂಗೇ ಇಲ್ಲ. ಪಿಕ್ಸೆಲ್ ಮಾಡುವ ಕೆಲಸವನ್ನು ಮುದ್ರಣ ಯಂತ್ರದ ಸಾಫ್ಟ್‌ವೇರೇ ಕೊನೆಯಲ್ಲಿ, ಒಂದೇ ಸಲ, ಬೇಕಾದ ಅಳತೆಗೆ ಮಾಡಿಕೊಳ್ತದೆ. ಸ್ಟೇಟಸ್‌ಗೆ ಮೂಲದಿಂದಲೇ ಬೇರೆ ಪಿಎನ್‌ಜಿ ತೆಗೆಯಿರಿ. ವಾಟ್ಸಾಪ್‌ನಲ್ಲೇ ಅಂಗಡಿಗೆ ಕಳಿಸುವುದಾದರೆ ಫೋಟೋ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ.

ಪ್ಲಾಸ್ಟಿಕ್ ಫ್ಲೆಕ್ಸೇ ಬೇಕಾ ಅನ್ನುವುದು ಬೇರೆ ಜಗಳ; ಬಟ್ಟೆ ಬ್ಯಾನರಿಗೂ ಲೆಕ್ಕ ಇದೇ. ನಮ್ಮ ಕನ್ನಡ ಸಂಘದ ಮುಂದೆ ನಾವು ಇಡುವ ಬೇಡಿಕೆ ಇಷ್ಟು: ಈ ಸಲದ ರಾಜ್ಯೋತ್ಸವದ ಬ್ಯಾನರು ಪಿಡಿಎಫ್ ಆಗಿಯೇ ಮುದ್ರಣಕ್ಕೆ ಹೋಗಲಿ, ಹೋಗುವ ಮೊದಲು ಯಾರಾದರೂ ಒಬ್ಬರು ಜೂಮ್ ಮಾಡಿ ಕೆಳಗಿನ ಹೆಸರುಗಳನ್ನು ಒಂದೊಂದಾಗಿ ಓದಲಿ.