ಕಂಪ್ಯೂಟರ್ ಸರ್‌ನ ಮೀಟಿಂಗ್ ಒಳಗೆ ಕೂರಿಸಿ

(1/4)
ಎಷ್ಟೋ ಶಾಲೆಗಳಲ್ಲಿ ಒಬ್ರು "ಕಂಪ್ಯೂಟರ್ ಸರ್" ಇರ್ತಾರೆ. ಪ್ರಿಂಟರ್ ಕೆಟ್ರೆ ಅವರು, ಪ್ರೊಜೆಕ್ಟರ್ ಆನ್ ಆಗ್ಲಿಲ್ಲ ಅಂದ್ರೂ ಅವರೇ. ಮೀಟಿಂಗ್‌ಗೆ ಮೈಕ್ ಸೆಟ್ ಮಾಡಿಕೊಟ್ಟು ಹೊರಗೆ ಹೋಗೋದೂ ಅವರೇ. ಅಮೆರಿಕದಲ್ಲಿ ಈ ಕೆಲಸ ಬೆಳೆದು ದೊಡ್ಡ ಹುದ್ದೆಯಾಗಿದೆ: ಸ್ಕೂಲ್ ಡಿಸ್ಟ್ರಿಕ್ಟ್ ಟೆಕ್ನಾಲಜಿ ಡೈರೆಕ್ಟರ್. ಡಿಸ್ಟ್ರಿಕ್ಟ್ ಅಂದ್ರೆ ನಮ್ಮ ಜಿಲ್ಲೆ ಥರ ಅಲ್ಲ. ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನ ನಡೆಸೋ ಸಂಸ್ಥೆ. ಅದಕ್ಕೆ ತನ್ನದೇ ಬೋರ್ಡ್, ತನ್ನದೇ ಬಜೆಟ್. ನಾನು ಹೇಳೋದು ಇಷ್ಟೇ: ಇವರನ್ನ ಖರೀದಿ ಮುಗಿದ ಮೇಲೆ ಕರೀಬೇಡಿ. ಖರೀದಿಗೆ ಮುಂಚೆ "ಬೇಡ" ಅನ್ನೋ ಅಧಿಕಾರ ಕೊಡಿ.

(2/4)
ಲಾಸ್ ಏಂಜಲೀಸ್, 2013. ಪ್ರತಿ ವಿದ್ಯಾರ್ಥಿಗೂ ಐಪ್ಯಾಡ್ ಅನ್ನೋ ಯೋಜನೆ. ನೆಟ್‌ವರ್ಕ್ ಖರ್ಚೂ ಸೇರಿ ಸುಮಾರು 130 ಕೋಟಿ ಡಾಲರ್. ದುಡ್ಡು ಎಲ್ಲಿಂದ? ಶಾಲಾ ಕಟ್ಟಡಗಳಿಗೆ ಅಂತ ಎತ್ತಿದ ಬಾಂಡ್‌ನಿಂದ! ಬಿಕಾಂನವರೇ, ಇಲ್ಲಿ ಸ್ವಲ್ಪ ನಿಲ್ಲಿ. ವರ್ಷಾನುಗಟ್ಟಲೆ ತೀರಿಸೋ ಸಾಲದಲ್ಲಿ ಮೂರ್ನಾಲ್ಕು ವರ್ಷ ಬಾಳೋ ಸಾಮಾನು. ಡಿಪ್ರಿಸಿಯೇಷನ್ ಕ್ಲಾಸಲ್ಲಿ ನಿದ್ದೆ ಹೊಡೆದೋರಿಗೂ ಇದು ಎಡವಟ್ಟು ಅಂತ ಗೊತ್ತಾಗುತ್ತೆ.

ಹಂಚಿದ ಕೆಲವೇ ದಿನದಲ್ಲಿ ಸುಮಾರು 300 ಮಕ್ಕಳು ಪ್ರೊಫೈಲ್ ಡಿಲೀಟ್ ಮಾಡಿ ಫಿಲ್ಟರ್ ದಾಟಿಬಿಟ್ರು (ನಮ್ಮ ಕ್ಲಾಸಾದ್ರೆ ಅಷ್ಟು ದಿನಾನೂ ಬೇಕಿರ್ಲಿಲ್ಲ). 2014ರಲ್ಲಿ, ಟೆಂಡರ್‌ಗೂ ಮೊದಲೇ ಡಿಸ್ಟ್ರಿಕ್ಟಿನ ಮೇಲಿನವರು ಆಪಲ್, ಪಿಯರ್ಸನ್ ಜೊತೆ ಮಾತಾಡಿದ್ದ ಈಮೇಲ್‌ಗಳು ಹೊರಬಂದ್ವು. ಒಪ್ಪಂದ ನಿಂತುಹೋಯ್ತು. ಆ ಅಕ್ಟೋಬರ್‌ನಲ್ಲಿ ಸೂಪರಿಂಟೆಂಡೆಂಟ್ ರಾಜೀನಾಮೆ ಕೊಟ್ರು.

"ಹಾಗಾದ್ರೆ ಟೆಕ್ನಾಲಜಿಯವರು ಸಾಚಾನಾ?" ಇಲ್ಲಪ್ಪ. ಅದೇ ವರ್ಷ ಅಲ್ಲಿ ವಿದ್ಯಾರ್ಥಿ ದಾಖಲೆಗಳ ಹೊಸ ಸಾಫ್ಟ್‌ವೇರ್ ಕೈಕೊಟ್ಟು, ಮಕ್ಕಳು ಸರಿಯಾದ ಟೈಮ್‌ಟೇಬಲ್ ಇಲ್ಲದೆ ಕೂತ್ರು. ಟೆಕ್ನಾಲಜಿ ಮುಖ್ಯಸ್ಥರೂ ಹುದ್ದೆ ಬಿಟ್ರು. ಅಧಿಕಾರ ಕೊಟ್ಟೋರ ಹತ್ರ ಲೆಕ್ಕಾನೂ ಕೇಳಬೇಕು. ಕೇಳಬೇಡಿ ಅಂತ ನಾನೆಲ್ಲಿ ಹೇಳಿದೆ?

(3/4)
ಹತ್ತು ವರ್ಷ ಬಿಟ್ಟು ಅದೇ ಊರು. 2024ರ ಮಾರ್ಚ್‌ನಲ್ಲಿ "ಎಡ್" ಅನ್ನೋ ಎಐ ಚಾಟ್‌ಬಾಟ್ ಭರ್ಜರಿಯಾಗಿ ಬಿಡುಗಡೆ ಆಯ್ತು. ಜೂನ್ ಹೊತ್ತಿಗೆ ಅದನ್ನ ಮಾಡಿದ ಕಂಪನಿಯೇ ಕುಸಿದುಬಿತ್ತು. ಅಷ್ಟರಲ್ಲಿ ಸುಮಾರು 30 ಲಕ್ಷ ಡಾಲರ್ ಪಾವತಿ ಆಗಿತ್ತು.

ಆ ಡಿಸೆಂಬರ್‌ನಲ್ಲಿ ಪವರ್‌ಸ್ಕೂಲ್ ಹ್ಯಾಕ್ ಆಯ್ತು. ಉತ್ತರ ಅಮೆರಿಕದ ಸಾವಿರಾರು ಶಾಲೆಗಳ ದಾಖಲೆ ಇಟ್ಟುಕೊಳ್ಳೋ ಕಂಪನಿ ಅದು. ಒಳಗೆ ಹೋಗೋಕೆ ಕದ್ದ ಒಂದು ಲಾಗಿನ್ ಸಾಕಾಯ್ತು; ಓಟಿಪಿ ಥರದ ಎರಡನೇ ಬೀಗ ಇರ್ಲೇ ಇಲ್ಲ. ತಪ್ಪೊಪ್ಪಿಕೊಂಡೋನು 19 ವರ್ಷದ ಕಾಲೇಜ್ ಹುಡುಗ, ನಮ್ಮದೇ ವಯಸ್ಸು. ಟೊರೊಂಟೊದಲ್ಲಂತೂ 1985ರಿಂದ ಓದಿದವರ ಮಾಹಿತಿಯೂ ಹೋಯ್ತು. ಶಾಲೆ ಬಿಟ್ಟು ಮಕ್ಕಳು ಮರಿ ಆದವರ ದಾಖಲೆ ಅಲ್ಲಿ ಯಾಕಿತ್ತು?

ಸರ್ವರ್ ರೂಮಿಗೆ ಬೀಗ ಹಾಕಿದ್ರೆ ಇದು ನಿಲ್ಲಲ್ಲ. ಡೇಟಾ ಎಷ್ಟು ವರ್ಷ ಇಟ್ಕೊಳ್ತೀರಿ, ಯಾವಾಗ ಅಳಿಸ್ತೀರಿ, ಕಂಪನಿ ಮುಳುಗಿದ್ರೆ ಅದು ಯಾರ ಪಾಲು: ಸಹಿಗೆ ಮುಂಚೆ ಇದನ್ನ ಕೇಳೋದೇ ಈಗ ಆ ಹುದ್ದೆಯ ಅಸಲಿ ಕೆಲಸ. ಕೇಬಲ್ ಬೇರೆ ಯಾರಾದ್ರೂ ಎಳೀತಾರೆ.

(4/4)
"ಅಮೆರಿಕದ ಕಥೆ ನಮಗ್ಯಾಕೆ ಗುರು" ಅಂತೀರಾ? ನಮ್ಮಲ್ಲೂ ಹಾಜರಿ, ಫೀಸು, ಮಾರ್ಕ್ಸ್ ಆಪ್‌ಗೆ ಹೋಗ್ತಿವೆ. 18 ತುಂಬದ ಮಕ್ಕಳ ಡೇಟಾಗೆ ಪೋಷಕರ ಒಪ್ಪಿಗೆ ಬೇಕು ಅಂತ 2023ರ ಡೇಟಾ ಸಂರಕ್ಷಣಾ ಕಾಯ್ದೆ ಹೇಳುತ್ತೆ. ನಿಮ್ಮ ತಮ್ಮನ, ತಂಗಿಯ ಶಾಲೇಲಿ ಆ ಆಪ್ ಆರಿಸಿದ್ದು ಯಾರು, ಕಾಂಟ್ರ್ಯಾಕ್ಟ್ ಓದಿದ್ದು ಯಾರು? ಕೇಳಿ ನೋಡಿ. ಸಿಕ್ಕ ಉತ್ತರ ಕಾಮೆಂಟಲ್ಲಿ ಹಾಕಿ, ಶಾಲೆ ಹೆಸರು ಬೇಡ.